ಕಾರಣ ಬರೆಯದ ಆದೇಶಗಳು

ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಕುಲಪತಿಗಳು, ಪ್ರಾಧ್ಯಾಪಕರು, ಇಲ್ಲವೇ ಅವರ ಶಿಷ್ಯರು. ಶತಮಾನೋತ್ಸವದ ಸಂಪುಟಗಳಲ್ಲಿ ಕಟ್ಟಡಗಳು ಬರುತ್ತವೆ, ವಿಭಾಗಗಳು ಬರುತ್ತವೆ, ವಿದ್ವತ್ತು ಬರುತ್ತದೆ. ಕಡತ ಕಟ್ಟಿದವರು, ಅಂಕಪಟ್ಟಿ ಬರೆದವರು, ಸಂಬಳದ ಬಿಲ್ಲು ತಯಾರಿಸಿದವರು ಬರುವುದಿಲ್ಲ. ನಾನು ಆ ಎರಡನೆಯ ಗುಂಪಿನವಳು. 1983ರಲ್ಲಿ ರಾಜ್ಯದ ಒಂದು ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗಕ್ಕೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ, ಸಿಬ್ಬಂದಿ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಆಗಿ, ಕೊನೆಗೆ ಸಹಾಯಕ ಕುಲಸಚಿವೆಯಾಗಿ ನಿವೃತ್ತಳಾದೆ. ಬೋಧಕೇತರ ಸಿಬ್ಬಂದಿ ಎಂದು ನಮ್ಮನ್ನು ಕರೆಯುತ್ತಾರೆ. ಪಾಠ ಮಾಡದವರು ಎಂಬ ಗುರುತೇ ನಮ್ಮ ಹೆಸರು.

"ಇದರಲ್ಲಿ ಏನೋ ರಾಜಕೀಯ ಇದೆ ಮೇಡಂ" ಎಂಬ ಮಾತು ಕೇಳದ ದಿನ ನಮ್ಮ ಕಚೇರಿಯಲ್ಲಿ ಕಡಿಮೆ. ಪಕ್ಷ, ಚುನಾವಣೆಗಳ ವಿಷಯ ಅದಾಗಿರಲಿಲ್ಲ. ಯಾರನ್ನು ಯಾವ ಟೇಬಲ್ಲಿಗೆ ಹಾಕಿದರು, ಯಾರ ಮುಂಬಡ್ತಿ ಕಡತ ಮೇಲೆ ಹೋಯಿತು, ಯಾರದು ಬೀರುವಿನಲ್ಲೇ ಉಳಿಯಿತು, ಕ್ಯಾಂಪಸ್ಸಿನ ಕ್ವಾರ್ಟರ್ಸ್ ಯಾರಿಗೆ ಸಿಕ್ಕಿತು, ಪರೀಕ್ಷಾ ಕೆಲಸದ ಸಂಭಾವನೆಯ ಪಟ್ಟಿಯಲ್ಲಿ ಯಾರ ಹೆಸರಿತ್ತು, ಇವೇ ನಮ್ಮ ರಾಜಕೀಯ. ಹೊರಗಿನವರಿಗೆ ಇವು ಸಣ್ಣ ಸಂಗತಿಗಳು. ಒಂದು ಟೇಬಲ್ಲಿನ ಮುಂದೆ ಮೂವತ್ತು ವರ್ಷ ಕಳೆಯುವವರ ಪಾಲಿಗೆ ಬದುಕೆಂದರೆ ಇವೇ.

ಈ ರಾಜಕೀಯಕ್ಕೆ ನೌಕರರ ಚಾಡಿ ಬುದ್ಧಿ, ಕೆಲಸಗಳ್ಳತನ, ಜಾತಿಯ ಅಭಿಮಾನಗಳೇ ಕಾರಣವೆಂದು ಹೇಳುವವರಿದ್ದಾರೆ. ಆ ದೋಷಗಳು ಎಲ್ಲ ಕಚೇರಿಯಲ್ಲೂ ಇವೆ. ಆದರೆ ಅನುಮಾನ ದಟ್ಟವಾಗಿ ಬೆಳೆದದ್ದು ಯಾವಾಗ, ತಿಳಿಯಾದದ್ದು ಯಾವಾಗ ಎಂದು ವರ್ಷವರ್ಷ ಹಿಂದಕ್ಕೆ ಹೋಗಿ ನೋಡಿದರೆ ಬೇರೆಯದೇ ಲೆಕ್ಕ ಸಿಗುತ್ತದೆ. ತೀರ್ಮಾನ ಎಲ್ಲಿ ಆಯಿತು, ಯಾರು ಮಾಡಿದರು, ಏಕೆ ಮಾಡಿದರು ಎಂಬುದು ಕಾಣದಿದ್ದಾಗಲೆಲ್ಲ ನೌಕರರಿಗೆ ರಾಜಕೀಯ ಕಂಡಿದೆ. ತೀರ್ಮಾನದ ಜಾಗ ಕಾಲಕಾಲಕ್ಕೆ ಬದಲಾಗಿದೆ. ಅರಮನೆ ಮತ್ತು ದಿವಾನರ ಕಚೇರಿಯಿಂದ ಅದು ಕುಲಪತಿಗಳ ಕೊಠಡಿಗೆ ಬಂತು, ಅಲ್ಲಿಂದ ಸೆನೆಟ್ಟು ಸಿಂಡಿಕೇಟುಗಳಿಗೆ ಹೋಯಿತು, ಕೊನೆಗೆ ವಿಧಾನಸೌಧವನ್ನು ಸೇರಿತು. ಅದು ಹೋದ ಕಡೆಗೆಲ್ಲ ನೌಕರರ ಕಣ್ಣೂ ಹೋಯಿತು.

ಮೊದಲ ಅಧ್ಯಾಯ 1916ರದು. ಆ ವರ್ಷದ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಂಬಗಳು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಭಾರತದಲ್ಲಿ ಸ್ಥಾಪನೆಯಾದ ಮೊದಲ ವಿಶ್ವವಿದ್ಯಾನಿಲಯ ಇದೇ. ಸಂಸ್ಥಾನದ ಖಜಾನೆಯ ಹಣದಲ್ಲಿ, ದಿವಾನರ ಸರ್ಕಾರದ ನೆರಳಿನಲ್ಲಿ ಬೆಳೆದ ಸಂಸ್ಥೆಯಾದ್ದರಿಂದ ನೌಕರಿಯ ಮಾತೆಲ್ಲ ಸರ್ಕಾರದ ಮಾತೇ ಆಗಿತ್ತು. ಆಡಳಿತ ಚಿಕ್ಕದಿತ್ತು. ಮೇಷ್ಟ್ರುಗಳೇ ಕುಲಸಚಿವರಾಗುತ್ತಿದ್ದರು. ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ. ಶ್ರೀಕಂಠಯ್ಯನವರು 1920ರ ದಶಕದ ಕೊನೆಯ ವರ್ಷಗಳಲ್ಲಿ ಆ ಹುದ್ದೆಯಲ್ಲಿದ್ದರು. ತರಗತಿ ಮತ್ತು ಕಚೇರಿಯ ನಡುವೆ ಈಗಿನಷ್ಟು ಎತ್ತರದ ಗೋಡೆ ಇರಲಿಲ್ಲ.

ಹಾಗೆಂದು ಅದು ರಾಜಕೀಯವಿಲ್ಲದ ಸತ್ಯಯುಗವಾಗಿರಲಿಲ್ಲ. ಮೈಸೂರಿನ ಸರ್ಕಾರಿ ಕಚೇರಿಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಒಂದು ಬಿರುಕಿತ್ತು. ಮದರಾಸಿನಿಂದ ಬಂದ ಅಧಿಕಾರಿಗಳು ಒಂದು ಕಡೆ, ಮೈಸೂರಿನವರಿಗೇ ಮೈಸೂರಿನ ಹುದ್ದೆ ಬೇಕೆಂದವರು ಇನ್ನೊಂದು ಕಡೆ. ವಿಶ್ವವಿದ್ಯಾನಿಲಯ ಹುಟ್ಟುವ ಹೊತ್ತಿಗೆ ಅದಕ್ಕಿಂತ ಆಳವಾದ ಪ್ರಶ್ನೆ ಎದ್ದಿತ್ತು. ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರ ಕೈಯಲ್ಲೇ ಏಕಿವೆ ಎಂದು ಉಳಿದ ಸಮುದಾಯಗಳವರು ಕೇಳತೊಡಗಿದರು. ಇದೇ ಪ್ರಶ್ನೆಯನ್ನು ಹಿಡಿದು 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. 1919ರ ಅದರ ವರದಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೆಯ ಎರಡು ಭಾಗ ಉಳಿದ ಸಮುದಾಯಗಳಿಗೆ ಸಿಗಬೇಕೆಂದು ಹೇಳಿತು. 1921ರಲ್ಲಿ ಸರ್ಕಾರದ ಆದೇಶ ಬಂತು. ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದ ವಿಶ್ವೇಶ್ವರಯ್ಯನವರು ಅಷ್ಟರಲ್ಲಿ ದಿವಾನಗಿರಿ ಬಿಟ್ಟಿದ್ದರು.

ವಿಶ್ವವಿದ್ಯಾನಿಲಯದ ಮೊದಲ ಐದು ವರ್ಷಗಳೊಳಗೇ ಮಿಲ್ಲರ್ ಸಮಿತಿಯ ವರ್ಷಗಳೂ ಬಂದವು. ಇದು ನನಗೆ ಬಹಳ ಮುಖ್ಯವೆನಿಸುತ್ತದೆ. ಅರ್ಹತೆಯ ಹೆಸರಿನಲ್ಲಿ ಬಾಗಿಲ ಒಳಗಿದ್ದವರಿಗೆ ಆ ಆದೇಶ ರಾಜಕೀಯವಾಗಿ ಕಂಡಿತು. ಬಾಗಿಲ ಹೊರಗೆ ನಿಂತವರಿಗೆ ಅದು ನ್ಯಾಯವಾಗಿ ಕಂಡಿತು. ಅಲ್ಲಿಯವರೆಗೆ ನಡೆದದ್ದೇ ಅವರ ದೃಷ್ಟಿಯಲ್ಲಿ ರಾಜಕೀಯ. ನನ್ನ ಕಾಲದಲ್ಲೂ ಇದೇ ನಡೆಯಿತು. ಮುಖ್ಯಮಂತ್ರಿ ದೇವರಾಜ ಅರಸರು 1972ರಲ್ಲಿ ನೇಮಿಸಿದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತ್ತು, 1977ರಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಯ ಆದೇಶ ಹೊರಟಿತ್ತು. ನನ್ನ ಜೊತೆ ಕೆಲಸಕ್ಕೆ ಸೇರಿದವರಲ್ಲಿ ಅನೇಕರ ಮನೆಗೆ ಸರ್ಕಾರಿ ಸಂಬಳ ಬಂದದ್ದೇ ಮೊದಲ ಬಾರಿ. ಗೋಡೆಗೆ ಅಂಟಿಸಿದ ಮೀಸಲಾತಿಯ ರೋಸ್ಟರ್ ಪಟ್ಟಿಯನ್ನು ಅವರು ಓದುತ್ತಿದ್ದ ರೀತಿಯೇ ಬೇರೆ. ಯಾವ ಬಿಂದುವಿಗೆ ಯಾವ ವರ್ಗ ಎಂದು ಬರೆದಿಟ್ಟದ್ದನ್ನು ಯಾರೂ ಪಿಸುಮಾತಿನಲ್ಲಿ ಅಳಿಸಲಾರರೆಂಬ ಧೈರ್ಯ ಅದರಲ್ಲಿತ್ತು. ಬರೆದಿಟ್ಟ ನಿಯಮ ಬಲವಿಲ್ಲದವರಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ನಾನು ಕಲಿತದ್ದು ಆ ಪಟ್ಟಿಯ ಮುಂದೆ.

ಎರಡನೆಯ ಅಧ್ಯಾಯ ದೊಡ್ಡ ಕುಲಪತಿಗಳದು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ, ಹದಿಮೂರು ವರ್ಷ, ಅದರ ಕುಲಪತಿಯಾಗಿದ್ದವರು ಡಿ.ಸಿ. ಪಾವಟೆ. ಬೆಳಗಾವಿ ಜಿಲ್ಲೆಯವರು, ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯನ್ನು ನಡೆಸಿದ ಅನುಭವಿ. ಧಾರವಾಡದ ಆ ಆವರಣಕ್ಕೆ ಇವತ್ತಿಗೂ ಪಾವಟೆ ನಗರ ಎಂದೇ ಹೆಸರು. ಮೈಸೂರಿನಲ್ಲಿ 1956ರಿಂದ 1960ರವರೆಗೆ ಕುವೆಂಪು ಕುಲಪತಿಗಳಾಗಿದ್ದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲೇ ಪಾಠ ಹೇಳಿ, ಅದರ ಕುಲಪತಿಯಾದ ಮೊದಲಿಗರು ಅವರು. ಮಾನಸಗಂಗೋತ್ರಿ ಆವರಣ ಅವರ ಕನಸು, ಹೆಸರೂ ಅವರದೇ. 1969ರಿಂದ 1975ರವರೆಗೆ ದೇ. ಜವರೇಗೌಡರು ಆ ಸ್ಥಾನದಲ್ಲಿದ್ದರು. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಎಪ್ಪತ್ತರ ದಶಕದಲ್ಲಿ ಎಚ್. ನರಸಿಂಹಯ್ಯನವರು ಬಂದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬಾಳಿದ ಗಾಂಧಿವಾದಿ ಅವರು.

ನಾನು ಕೆಲಸಕ್ಕೆ ಸೇರಿದಾಗ ಈ ಕಾಲವನ್ನು ಕಂಡ ಹಿರಿಯ ನೌಕರರು ಬೇರೆ ಬೇರೆ ವಿಶ್ವವಿದ್ಯಾನಿಲಯಗಳಲ್ಲಿ ಇನ್ನೂ ಇದ್ದರು. ಪರೀಕ್ಷಾ ಕೆಲಸಕ್ಕೆ ಊರೂರು ಹೋದಾಗ ಅವರ ಮಾತು ಕೇಳಿದ್ದೇನೆ. "ಸಾಹೇಬ್ರು ಒಂದು ಸಲ ಇಲ್ಲ ಅಂದ್ರೆ ಇಲ್ಲ. ಯಾರ ಕೈಲಿ ಹೇಳಿಸಿದ್ರೂ ಇಲ್ಲ" ಎಂದು ಅವರು ಹೇಳುವಾಗ ದನಿಯಲ್ಲಿ ಗೌರವವಿರುತ್ತಿತ್ತು. ಒಬ್ಬರೇ ತೀರ್ಮಾನಿಸುತ್ತಾರೆ, ಅವರು ಯಾರೆಂಬುದು ಗೊತ್ತು, ಅವರು ನಾಳೆಯೂ ಅಲ್ಲೇ ಇರುತ್ತಾರೆ ಎಂಬ ಭರವಸೆ ಅದು. ಆದರೆ ಈ ನೆನಪಿನಲ್ಲಿ ಒಂದು ಅಪಾಯವೂ ಇದೆ. ವ್ಯಕ್ತಿ ದೊಡ್ಡವರಾಗಿದ್ದಾಗ ನಿಯಮ ಬೇಕೆಂದು ಯಾರಿಗೂ ತೋರುವುದಿಲ್ಲ. ಆ ವ್ಯಕ್ತಿ ಹೋದ ಮರುದಿನ ಅದೇ ಕುರ್ಚಿ, ಅದೇ ಅಧಿಕಾರ ಉಳಿಯುತ್ತವೆ, ದೊಡ್ಡತನ ಉಳಿಯುವುದಿಲ್ಲ. ಒಳ್ಳೆಯ ಕುಲಪತಿಗಳ ಕಾಲದಲ್ಲಿ ಬರೆದಿಡಬೇಕಾಗಿದ್ದ ಎಷ್ಟೋ ಪದ್ಧತಿಗಳು ಬರೆಯದೇ ಉಳಿದದ್ದಕ್ಕೆ ನಾವು ಆಮೇಲೆ ಬೆಲೆ ತೆತ್ತೆವು.

ಇದೇ ಕಾಲದ್ದು ಒಂದು ಮೊಕದ್ದಮೆ. ವಿಶ್ವವಿದ್ಯಾನಿಲಯದ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ಅದರ ಹೆಸರು ಗೊತ್ತು: ಮೈಸೂರು ವಿಶ್ವವಿದ್ಯಾನಿಲಯ ವಿರುದ್ಧ ಸಿ.ಡಿ. ಗೋವಿಂದರಾವ್. ಇಂಗ್ಲಿಷ್ ರೀಡರ್ ಹುದ್ದೆಯ ನೇಮಕಾತಿಯಲ್ಲಿ ವಿದ್ಯಾರ್ಹತೆಯ ನಿಯಮ ಪಾಲನೆಯಾಗಿಲ್ಲ ಎಂಬುದು ತಕರಾರು. ಮೈಸೂರು ಹೈಕೋರ್ಟ್ ನೇಮಕಾತಿಯನ್ನು ರದ್ದು ಮಾಡಿತ್ತು. 1963ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ತಜ್ಞರ ಸಮಿತಿ ವಿದ್ವತ್ತಿನ ವಿಷಯದಲ್ಲಿ ಕೊಟ್ಟ ಅಭಿಪ್ರಾಯದೊಳಗೆ, ಸಮಿತಿಯ ಮೇಲೆ ದುರುದ್ದೇಶದ ಆರೋಪವಿಲ್ಲದಿರುವಾಗ, ನ್ಯಾಯಾಲಯ ಸುಲಭವಾಗಿ ಕೈಹಾಕಬಾರದು ಎಂಬುದು ಅದರ ಸಾರ. ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯಾದವರೂ ಅವರೇ, ವಿಶ್ವವಿದ್ಯಾಲಯಗಳ ಆಡಳಿತ ಹೇಗಿರಬೇಕೆಂದು ಯುಜಿಸಿ ನೇಮಿಸಿದ ಸಮಿತಿಗೆ ಅಧ್ಯಕ್ಷರಾಗಿ 1971ರಲ್ಲಿ ವರದಿ ಕೊಟ್ಟವರೂ ಅವರೇ.

ಆ ತೀರ್ಪಿನ ತತ್ವ ಸರಿಯಾದದ್ದೇ. ವಿದ್ವಾಂಸರನ್ನು ಅಳೆಯಬೇಕಾದವರು ವಿದ್ವಾಂಸರೇ. ಆದರೆ ನಮ್ಮ ಕಚೇರಿಗಳು ಅದರಿಂದ ತೆಗೆದುಕೊಂಡ ಪಾಠ ಬೇರೆಯಾಗಿತ್ತು. ಸಮಿತಿಯ ನಡಾವಳಿಯಲ್ಲಿ ಹೆಚ್ಚು ಬರೆಯದಿರುವುದೇ ಕ್ಷೇಮ ಎಂಬ ನಂಬಿಕೆ ಬೆಳೆಯಿತು. ಆಯ್ಕೆ ಸಮಿತಿಯ ನಡಾವಳಿಗಳನ್ನು ನಾನೇ ಬೆರಳಚ್ಚು ಮಾಡಿದ್ದೇನೆ. "ಅಭ್ಯರ್ಥಿಗಳ ಅರ್ಹತೆ ಮತ್ತು ಸಂದರ್ಶನವನ್ನು ಪರಿಗಣಿಸಿ ಈ ಕೆಳಕಂಡವರನ್ನು ಆಯ್ಕೆ ಮಾಡಲಾಗಿದೆ" ಎಂಬಷ್ಟರಲ್ಲಿ ಮುಗಿಯುತ್ತಿತ್ತು. ಆಯ್ಕೆಯಾಗದೆ ಮನೆಗೆ ಹೋದವರಿಗೆ ಏಕೆ ಆಗಲಿಲ್ಲ ಎಂದು ತಿಳಿಯುವ ದಾರಿ ಇರಲಿಲ್ಲ. ಕಾರಣ ಸಿಗದ ಕಡೆ ಮನುಷ್ಯ ಕಾರಣ ಕಟ್ಟಿಕೊಳ್ಳುತ್ತಾನೆ. ಜಾತಿ, ಗುಂಪು, ವಶೀಲಿ, ಹಣ ಎಲ್ಲವೂ ಆ ಖಾಲಿ ಜಾಗಕ್ಕೆ ಬಂದು ಕೂರುತ್ತವೆ, ಕೆಲವೊಮ್ಮೆ ನಿಜವಾಗಿ, ಕೆಲವೊಮ್ಮೆ ಸುಳ್ಳಾಗಿ.

ಮೂರನೆಯ ಅಧ್ಯಾಯವನ್ನು ನಾನೇ ಕಂಡೆ. 1976ರ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯಿದೆ ಎಲ್ಲರಿಗೂ ಒಂದೇ ಚೌಕಟ್ಟು ತಂದಿತ್ತು. 1980ರಲ್ಲಿ ಮಂಗಳೂರು, ಗುಲಬರ್ಗಾ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಹೊಸ ವಿಶ್ವವಿದ್ಯಾನಿಲಯವೆಂದರೆ ಹೊಸ ಹುದ್ದೆಗಳು, ಹಳೆಯ ಕಡೆಯಿಂದ ಬಂದವರು, ಸ್ಥಳೀಯರು, ಅವರ ನಡುವೆ ಜ್ಯೇಷ್ಠತೆಯ ಜಗಳ. ಸೆನೆಟ್ಟು ಇದ್ದ ಕಾಲ ಅದು. ಸೆನೆಟ್ ಸಭೆಯ ದಿನ ಕಚೇರಿಯ ಗಾಳಿಯೇ ಬೇರೆ. ಯಾವ ಸದಸ್ಯರು ಯಾವ ಪ್ರಶ್ನೆ ಎತ್ತುತ್ತಾರೆ, ಅದಕ್ಕೆ ಮಾಹಿತಿ ಕೊಟ್ಟವರು ಯಾರು ಎಂಬ ಊಹೆಯಲ್ಲಿ ದಿನ ಕಳೆಯುತ್ತಿತ್ತು.

ಪರೀಕ್ಷಾ ವಿಭಾಗ ಆಗ ಪೂರ್ತಿ ಕೈಬರಹದ ಲೋಕ. ಮೌಲ್ಯಮಾಪನ ಕೇಂದ್ರದಿಂದ ಅಂಕಗಳ ಪಟ್ಟಿ ಕೋಡ್ ಸಂಖ್ಯೆಯೊಂದಿಗೆ ಬರುತ್ತಿತ್ತು. ಅದನ್ನು ಬಿಡಿಸಿ, ರಿಜಿಸ್ಟರ್ ನಂಬರಿಗೆ ಹೊಂದಿಸಿ, ದಪ್ಪ ಲೆಡ್ಜರಿಗೆ ಇಳಿಸಬೇಕು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಬೆರಳಿಟ್ಟು ತಾಳೆ ನೋಡುವುದು. ಒಂದು ಅಂಕಿ ತಪ್ಪಿದರೆ ಒಬ್ಬ ವಿದ್ಯಾರ್ಥಿಯ ವರ್ಷ ಹೋಯಿತು ಎಂದು ನಮ್ಮ ಹಿರಿಯ ಸೂಪರಿಂಟೆಂಡೆಂಟರು ದಿನಾ ನೆನಪಿಸುತ್ತಿದ್ದರು. ಗೌಪ್ಯ ವಿಭಾಗದಲ್ಲಿ ಕೂರುವವರಿಗೆ ನಂಬಿಕೆಯ ಮರ್ಯಾದೆಯೂ ಇತ್ತು, ಸಂಭಾವನೆಯೂ ಇತ್ತು. ಅಲ್ಲಿಗೆ ಯಾರನ್ನು ಹಾಕಬೇಕು, ಎಷ್ಟು ವರ್ಷ ಇಡಬೇಕು ಎಂಬುದಕ್ಕೆ ಬರೆದ ನಿಯಮ ಇರಲಿಲ್ಲ. ಕುಲಪತಿ ಬದಲಾದರೆ ಆ ಕೋಣೆಯವರೂ ಬದಲಾಗುತ್ತಿದ್ದರು. ಹಾಗಾಗಿ ಅಲ್ಲಿದ್ದವರು "ಹೋದವರ ಕಡೆಯವರು" ಎಂಬ ಹೆಸರು ಹೊತ್ತು ಹೊರಬರುತ್ತಿದ್ದರು. ಅವರು ಯಾರ ಕಡೆಯೂ ಆಗಿರದೆ ತಮ್ಮ ಪಾಡಿಗೆ ಲೆಡ್ಜರ್ ಬರೆದಿದ್ದರೂ ಆ ಹೆಸರು ಬಿಡುತ್ತಿರಲಿಲ್ಲ.

ನನಗೂ ಅಂಥ ಆದೇಶವೊಂದು ಬಂತು. ಫಲಿತಾಂಶದ ಕೆಲಸ ಅರ್ಧದಲ್ಲಿರುವಾಗ ಪರೀಕ್ಷಾ ವಿಭಾಗದಿಂದ ಉಗ್ರಾಣಕ್ಕೆ. "ಆಡಳಿತಾತ್ಮಕ ಹಿತದೃಷ್ಟಿಯಿಂದ" ಎಂಬ ಪದಗಳು, ಕೆಳಗೆ ಸಹಿ, ತಕ್ಷಣ ವರದಿ ಮಾಡಿಕೊಳ್ಳಬೇಕೆಂಬ ಸೂಚನೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದಕ್ಕೆ ಮೂರು ವಿವರಣೆ ಹುಟ್ಟಿದ್ದವು. ನನ್ನ ಜಾತಿಯವರನ್ನು ಆ ವಿಭಾಗದಿಂದ ಖಾಲಿ ಮಾಡಿಸುತ್ತಿದ್ದಾರೆ ಎಂದರು ಕೆಲವರು. ನೌಕರರ ಸಂಘದ ಚಂದಾ ಕೊಟ್ಟಿದ್ದಕ್ಕೆ ಎಂದರು ಇನ್ನು ಕೆಲವರು. ಸಿಂಡಿಕೇಟ್ ಸದಸ್ಯರೊಬ್ಬರ ಶಿಫಾರಸಿಗೆ ನಾನು ತಲೆಯಾಡಿಸಲಿಲ್ಲ ಎಂಬುದು ಮೂರನೆಯದು. ಎಷ್ಟೋ ವರ್ಷದ ನಂತರ ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟ್ ಆದಾಗ ಆ ಹಳೆಯ ಕಡತ ನನ್ನದೇ ಸುಪರ್ದಿಗೆ ಬಂತು. ಟಿಪ್ಪಣಿ ಹಾಳೆ ತೆರೆದು ನೋಡಿದೆ. "ಚರ್ಚಿಸಿದಂತೆ ಆದೇಶ ಹೊರಡಿಸಿ" ಎಂದಷ್ಟೇ ಇತ್ತು. ಯಾರು ಯಾರೊಂದಿಗೆ ಚರ್ಚಿಸಿದರು, ಏನು ಚರ್ಚಿಸಿದರು, ಒಂದು ಪದವೂ ಇಲ್ಲ. ನನ್ನ ಮನಸ್ಸನ್ನು ವರ್ಷಗಟ್ಟಲೆ ಕುದಿಸಿದ ತೀರ್ಮಾನಕ್ಕೆ ಸಂಸ್ಥೆಯ ದಾಖಲೆಯಲ್ಲೇ ಕಾರಣ ಇರಲಿಲ್ಲ.

ಆಡಳಿತದ ಪದ್ಧತಿ ಬಲ್ಲವರಿಗೆ ಇದು ಗೊತ್ತಿರುವ ಸಂಗತಿ. ಕಡತದ ಮೇಲೆ ಬರೆಯಲು ಇಷ್ಟವಿಲ್ಲದ ಅಧಿಕಾರಿ ಅಂಚಿನಲ್ಲಿ "ಚರ್ಚಿಸಿ" ಎಂದು ಬರೆದು ಕೆಳಗೆ ಕಳಿಸುತ್ತಾರೆ. ಸಹಾಯಕರು ಕೊಠಡಿಗೆ ಹೋಗುತ್ತಾರೆ, ಬಾಯಲ್ಲಿ ಹೇಳಿದ್ದನ್ನು ಕೇಳಿ ಬರುತ್ತಾರೆ, ಅದನ್ನೇ ತಮ್ಮ ಟಿಪ್ಪಣಿಯೆಂಬಂತೆ ಬರೆದು ಮಂಡಿಸುತ್ತಾರೆ. ತೀರ್ಮಾನ ಮೇಲಿನದು, ಅಕ್ಷರ ಕೆಳಗಿನದು. ನಾಳೆ ತಕರಾರು ಬಂದರೆ ಸಿಕ್ಕಿಬೀಳುವವರು ಅಕ್ಷರದ ಒಡೆಯರು. ಕಚೇರಿಯಲ್ಲಿ ಎಲ್ಲರೂ ಗಾಳಿಸುದ್ದಿ ಹುಡುಕುವುದು ಅದರ ರುಚಿಗಾಗಿ ಎಂದು ತಿಳಿಯಬೇಡಿ. ಕಾಗದದಲ್ಲಿ ಸಿಗದ ಸತ್ಯವನ್ನು ತಿಳಿದುಕೊಳ್ಳದಿದ್ದರೆ ನೌಕರಿಗೇ ಅಪಾಯವಿತ್ತು.

ಹೆಂಗಸರ ಪಾಡು ಇನ್ನೊಂದು ಬಗೆ. ಮಾಹಿತಿ ಓಡಾಡುತ್ತಿದ್ದದ್ದು ಐದೂವರೆಯ ನಂತರ, ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ, ಸಂಘದ ಕೋಣೆಯಲ್ಲಿ, ಅಧಿಕಾರಿಗಳ ಜೀಪಿನ ಪ್ರಯಾಣದಲ್ಲಿ. ನಾವು ಆ ಹೊತ್ತಿಗೆ ಸಿಟಿ ಬಸ್ಸು ಹಿಡಿದು ಮನೆಗೆ ಓಡುತ್ತಿದ್ದೆವು. ವರ್ಗಾವಣೆಯ ಸುಳಿವು ಗಂಡಸರಿಗೆ ವಾರದ ಮುಂಚೆ ಸಿಗುತ್ತಿತ್ತು, ನಮಗೆ ಆದೇಶದ ಪ್ರತಿಯೇ ಸಿಗುತ್ತಿತ್ತು. ಮುಂಬಡ್ತಿ ಸಮಿತಿಯ ದಿನಾಂಕ ತಿಳಿಯದೆ ಇಲಾಖಾ ಪರೀಕ್ಷೆಯ ಪ್ರಮಾಣಪತ್ರ ಸಲ್ಲಿಸದೇ ಹಿಂದೆ ಉಳಿದ ಸಹೋದ್ಯೋಗಿಗಳನ್ನು ನಾನು ಬಲ್ಲೆ. ಅದು ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ. ಸೂಚನಾಫಲಕಕ್ಕೆ ಹಾಕಬೇಕಾದ್ದನ್ನು ಬಾಯಿಮಾತಿಗೆ ಬಿಟ್ಟದ್ದರ ಫಲ.

ಎಲ್ಲರಿಗಿಂತ ಕೆಳಗೆ ದಿನಗೂಲಿಯವರಿದ್ದರು. ಎಂಬತ್ತರ ದಶಕದಲ್ಲಿ ಹುದ್ದೆ ಮಂಜೂರಾಗದೆ ಕೆಲಸ ಬೆಳೆದಾಗ ಸರ್ಕಾರಿ ಕಚೇರಿಗಳಲ್ಲೆಲ್ಲ ಅವರನ್ನು ತುಂಬಿಕೊಂಡರು, ವಿಶ್ವವಿದ್ಯಾನಿಲಯಗಳಲ್ಲೂ ಹಾಗೆಯೇ. ಖಾಯಂ ಆಗುವ ಆಸೆಯಲ್ಲಿ ಹತ್ತು ಹದಿನೈದು ವರ್ಷ ದುಡಿದರು. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಖಾಯಮಾತಿಗೆ ಯೋಜನೆ ರೂಪಿಸುವ ದಾರಿ ತೋರಿದಾಗ ನಮ್ಮ ಕಚೇರಿಯ ದಿನಗೂಲಿಯವರ ಮುಖಗಳು ಅರಳಿದ್ದು ನೆನಪಿದೆ. 2006ರ ಏಪ್ರಿಲ್‌ನಲ್ಲಿ ಬಂದ ಉಮಾದೇವಿ ಪ್ರಕರಣದ ತೀರ್ಪು ಆ ಬಾಗಿಲನ್ನು ಬಹುಪಾಲು ಮುಚ್ಚಿತು. ಅದೂ ಕರ್ನಾಟಕದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರದು. ನಿಯಮದ ಪ್ರಕಾರ ನೇಮಕವಾಗದವರಿಗೆ ಎಷ್ಟು ವರ್ಷ ದುಡಿದರೂ ಖಾಯಂ ಆಗುವ ಹಕ್ಕಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಆದೇಶದ ಬಲವಿಲ್ಲದೆ ಹತ್ತು ವರ್ಷ ಮೀರಿ ದುಡಿದ ಅರ್ಹರಿಗೆ ಮಾತ್ರ ಒಂದು ಸಲದ ಅವಕಾಶ ಉಳಿಸಿತು.

ಹಿಂಬಾಗಿಲ ನೇಮಕ ನಿಲ್ಲಬೇಕೆಂಬ ತೀರ್ಪಿನ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಸಂಸ್ಥೆಗಳು ಅದನ್ನು ಓದಿಕೊಂಡ ರೀತಿ ಕ್ರೂರವಾಗಿತ್ತು. ಹತ್ತು ವರ್ಷ ತುಂಬದಂತೆ ನಡುವೆ ವಿರಾಮ ಕೊಡುವುದು, ಏಜೆನ್ಸಿಯ ಮೂಲಕ ಹೊರಗುತ್ತಿಗೆಗೆ ಕೊಡುವುದು ಬಂತು. ಖಾಯಂ ನೌಕರರಿಗೆ ರಾಜಕೀಯವೆಂದರೆ ಮುಂಬಡ್ತಿ. ಹೊರಗುತ್ತಿಗೆಯ ಹುಡುಗ ಹುಡುಗಿಯರಿಗೆ ಅದು ಮುಂದಿನ ತಿಂಗಳ ಅನ್ನ. ಅವರು ಯಾರ ಗುಂಪಿಗೂ ಸೇರದೆ ಇರಲಾರರು, ಸೇರಿದರೆ ಆ ಗುಂಪು ಸೋತ ದಿನ ಉಳಿಯಲಾರರು. ಅತಿಥಿ ಉಪನ್ಯಾಸಕರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಅವರ ಕಣ್ಣಿಗೆ ಇಡೀ ಸಂಸ್ಥೆ ರಾಜಕೀಯವಾಗಿ ಕಂಡರೆ ತಪ್ಪು ಅವರ ಕಣ್ಣಿನದಲ್ಲ.

ನಾಲ್ಕನೆಯ ಅಧ್ಯಾಯ 2000ದ ಹೊಸ ವಿಶ್ವವಿದ್ಯಾನಿಲಯಗಳ ಕಾಯಿದೆಯಿಂದ ಶುರುವಾಗುತ್ತದೆ. ಸೆನೆಟ್ಟು ಹೋಯಿತು. ಸಿಂಡಿಕೇಟಿನಲ್ಲಿ ಸರ್ಕಾರದ ನಾಮನಿರ್ದೇಶಿತರು ಗಟ್ಟಿಯಾದರು. ಕುಲಸಚಿವರನ್ನು ಸರ್ಕಾರವೇ ನೇಮಿಸುವಂತಾಯಿತು. ಕುಲಪತಿಯ ಅವಧಿ ನಾಲ್ಕು ವರ್ಷ, ವಯಸ್ಸಿನ ಮಿತಿ 67. ಶೋಧನಾ ಸಮಿತಿ ಹೆಸರುಗಳ ಪಟ್ಟಿ ಕೊಡಬೇಕು, ಸರ್ಕಾರದ ಸಹಮತಿಯೊಂದಿಗೆ ಕುಲಾಧಿಪತಿಗಳಾದ ರಾಜ್ಯಪಾಲರು ನೇಮಿಸಬೇಕು. ಕಾಗದದಲ್ಲಿ ಇದು ಅಚ್ಚುಕಟ್ಟು. ಆಚರಣೆಯಲ್ಲಿ ಒಬ್ಬರ ಅವಧಿ ಮುಗಿದು ಇನ್ನೊಬ್ಬರು ಬರುವವರೆಗೆ ಪ್ರಭಾರ ಕುಲಪತಿಗಳ ಕಾಲ ಬರುತ್ತದೆ. ಆ ತಿಂಗಳುಗಳಲ್ಲಿ ಕಡತಗಳು ಎರಡು ಬಗೆಯವಾಗುತ್ತವೆ: ಹೊಸಬರು ಬರುವ ಮುಂಚೆ ಮುಗಿಸಬೇಕಾದವು, ಹೊಸಬರು ಬರುವ ತನಕ ತಡೆಯಬೇಕಾದವು. ಯಾವುದು ಯಾವ ಬಗೆ ಎಂಬುದು ಗುಮಾಸ್ತರಿಗೆ ಗೊತ್ತಾಗಿಬಿಡುತ್ತದೆ. ಮೊದಲು ಕುಲಪತಿಗಳ ಕೊಠಡಿಯ ಬಾಗಿಲು ನೋಡುತ್ತಿದ್ದ ನೌಕರರು ಈಗ ವಿಧಾನಸೌಧದ ಕಡೆ ನೋಡತೊಡಗಿದರು. ಶಾಸಕರ ಪತ್ರ ಹಿಡಿದು ಟೇಬಲ್ ಬದಲಿಸಿಕೊಂಡವರನ್ನು ಕಂಡಾಗ, ಪತ್ರವಿಲ್ಲದವರು ತಮ್ಮ ದುಡಿಮೆಯ ಮೇಲಿನ ನಂಬಿಕೆ ಕಳೆದುಕೊಂಡರು.

ಕಚೇರಿಯ ರಾಜಕೀಯ ಕರ್ನಾಟಕದ ಶಾಪವೇನಲ್ಲ. ಕೇಂಬ್ರಿಜ್‌ನ ಎಫ್.ಎಂ. ಕಾರ್ನ್‌ಫರ್ಡ್ ಎಂಬ ವಿದ್ವಾಂಸ 1908ರಲ್ಲೇ ವಿಶ್ವವಿದ್ಯಾಲಯದ ಒಳರಾಜಕೀಯದ ಬಗ್ಗೆ ಪುಟ್ಟ ಪುಸ್ತಕ ಬರೆದಿದ್ದ. ಅಮೆರಿಕದಲ್ಲಿ ಜೆರಾಲ್ಡ್ ಫೆರಿಸ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ಶಾಸ್ತ್ರವಾಗಿ ನೋಡಿದರು. ರಾಜಕೀಯ ನಿಜಕ್ಕೂ ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟಿದೆಯೆಂದು ನೌಕರರಿಗೆ ಕಾಣುತ್ತದೆ ಎಂಬುದನ್ನು ಅಳೆಯಬೇಕು, ಏಕೆಂದರೆ ಜನ ನಡೆದುಕೊಳ್ಳುವುದು ತಮಗೆ ಕಂಡದ್ದರ ಮೇಲೆ ಎಂಬುದು ಅವರ ವಾದ. 1991ರಲ್ಲಿ ಕ್ಯಾಕ್‌ಮರ್ ಮತ್ತು ಫೆರಿಸ್ ಅದಕ್ಕೊಂದು ಪ್ರಶ್ನಾವಳಿ ರೂಪಿಸಿದರು. ಗುಂಪುಗಳು ಇನ್ನೊಬ್ಬರನ್ನು ತುಳಿದು ಮೇಲೆ ಬರುತ್ತವೆಯೇ, ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದಾಗುತ್ತದೆಯೇ, ಸಂಬಳ ಮುಂಬಡ್ತಿಗಳು ಬರೆದ ನಿಯಮದಂತೆ ನಡೆಯುತ್ತವೆಯೇ, ಈ ಮೂರು ಅದರ ಎಳೆಗಳು. ಅಧಿಕಾರ ಒಂದೇ ಕಡೆ ಸೇರಿದಷ್ಟೂ ರಾಜಕೀಯ ಹೆಚ್ಚು ಕಾಣುತ್ತದೆ, ನಿಯಮ ಬರೆದಿಟ್ಟಷ್ಟೂ ಕಡಿಮೆ ಕಾಣುತ್ತದೆ ಎಂಬುದು ಅವರ ಮಾದರಿಯ ಒಂದು ಅಂಶ. ನಿವೃತ್ತಿಗೆ ಸ್ವಲ್ಪ ಮುಂಚೆ ನಿರ್ವಹಣಾಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಅಂಥ ಪ್ರಶ್ನಾವಳಿ ತಂದು ನನ್ನ ಮುಂದಿಟ್ಟಳು. ಬೋಧಕೇತರರನ್ನೂ ಯಾರೋ ಕೇಳುತ್ತಿದ್ದಾರಲ್ಲ ಎಂಬ ಸಂತೋಷದಿಂದ ಪ್ರತಿ ಪ್ರಶ್ನೆಗೂ ಯೋಚಿಸಿ ಗುರುತು ಹಾಕಿದೆ.

ಬದಲಾವಣೆ ಸಾಧ್ಯ ಎಂಬುದಕ್ಕೂ ನನ್ನ ಕಾಲವೇ ಸಾಕ್ಷಿ. 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದ ಮೇಲೆ ಟಿಪ್ಪಣಿ ಹಾಳೆಯ ಭಾಷೆಯೇ ಬದಲಾಯಿತು. ನಾಳೆ ಇದನ್ನು ಹೊರಗಿನವರು ಓದುತ್ತಾರೆ ಎಂಬ ಎಚ್ಚರ ಮೂಡಿ, "ಚರ್ಚಿಸಿದಂತೆ" ಎಂಬಲ್ಲಿ ನಿಯಮದ ಸಂಖ್ಯೆ ಬರತೊಡಗಿತು. 2011ರಲ್ಲಿ ಸುಪ್ರೀಂ ಕೋರ್ಟ್ ಪರೀಕ್ಷಾರ್ಥಿಗಳಿಗೆ ತಮ್ಮ ಉತ್ತರಪತ್ರಿಕೆ ನೋಡುವ ಹಕ್ಕಿದೆಯೆಂದು ಹೇಳಿದಾಗ ಪರೀಕ್ಷಾ ವಿಭಾಗಗಳು ಬೆದರಿದವು. ಆದರೆ ಉತ್ತರಪತ್ರಿಕೆಯ ಪ್ರತಿ ಕೈಗೆ ಸಿಕ್ಕ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸುಮ್ಮನೆ ಮನೆಗೆ ಹೋಗುವುದನ್ನು ನಾನು ಕೌಂಟರಿನಲ್ಲಿ ನೋಡಿದ್ದೇನೆ. ಅವರಿಗೆ ಬೇಕಾಗಿದ್ದದ್ದು ಅಂಕವಲ್ಲ, ಮೋಸವಾಗಿಲ್ಲ ಎಂಬ ಖಾತ್ರಿ. ನಮ್ಮ ರಾಜ್ಯದ ಶಾಲಾ ಶಿಕ್ಷಕರ ವರ್ಗಾವಣೆಯನ್ನೇ ನೋಡಿ. ಒಂದು ಕಾಲದಲ್ಲಿ ಅದು ವಶೀಲಿಯ ದೊಡ್ಡ ಸಂತೆ. 2007ರಲ್ಲಿ ಅದಕ್ಕೆಂದೇ ಕಾಯಿದೆ ಬಂತು. ಕೌನ್ಸೆಲಿಂಗ್‌ನಲ್ಲಿ ಆದ್ಯತಾ ಪಟ್ಟಿಯನ್ನೂ ಖಾಲಿ ಜಾಗಗಳನ್ನೂ ಎಲ್ಲರ ಮುಂದಿಟ್ಟು, ಸರದಿಯ ಪ್ರಕಾರ ಆರಿಸಿಕೊಳ್ಳಿ ಎಂದರು. ದೂರುಗಳು ಇಂದಿಗೂ ಇವೆ, ಆದರೆ ಸರದಿ ಎಲ್ಲರಿಗೂ ಕಾಣುತ್ತದೆ. ಲಕ್ಷಗಟ್ಟಲೆ ಶಿಕ್ಷಕರಿಗೆ ಮಾಡಬಹುದಾದ್ದನ್ನು ಕೆಲವೇ ನೂರು ನೌಕರರ ವಿಶ್ವವಿದ್ಯಾನಿಲಯ ಏಕೆ ಮಾಡಲಾರದು?

ಗಣಕಯಂತ್ರ ಎಲ್ಲವನ್ನೂ ಸರಿಪಡಿಸುತ್ತದೆ ಎಂಬ ಭ್ರಮೆ ನನಗಿಲ್ಲ. ಈಗ ಪ್ರವೇಶ, ಪರೀಕ್ಷೆ, ಫಲಿತಾಂಶಗಳು ರಾಜ್ಯಮಟ್ಟದ ಒಂದೇ ತಂತ್ರಾಂಶದೊಳಗೆ ಹೋಗಿವೆ, ಕಡತಗಳು ಇ-ಆಫೀಸಿನಲ್ಲಿ ಓಡಾಡುತ್ತಿವೆ. ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತೆಂಬುದು ತಿಳಿಯುತ್ತದೆ, ಒಳ್ಳೆಯದು. ಆದರೆ ಕಾರಣ ಬರೆಯುವ ಮನಸ್ಸಿಲ್ಲದವರು ಪರದೆಯ ಮೇಲೂ "ಚರ್ಚಿಸಿ" ಎಂದೇ ಬರೆಯುತ್ತಾರೆ.

ಇಂದು ಕುಲಪತಿ, ಕುಲಸಚಿವರ ಸ್ಥಾನದಲ್ಲಿರುವವರಿಗೆ ಒಬ್ಬ ಹಳೆಯ ನೌಕರಳ ಬಿನ್ನಹ ಇಷ್ಟೇ. ಪ್ರತಿ ವರ್ಗಾವಣೆಯ ಆದೇಶದಲ್ಲಿ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಜ್ಯೇಷ್ಠತಾ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸಿ, ಆಕ್ಷೇಪಣೆಗೆ ಕಾಲ ಕೊಟ್ಟು, ಆಕ್ಷೇಪಣೆಗೆ ಉತ್ತರವನ್ನೂ ಬರೆಯಿರಿ. ಗೌಪ್ಯ ವಿಭಾಗಕ್ಕೆ ಅವಧಿ ಗೊತ್ತುಮಾಡಿ, ಸರದಿ ಇಡಿ. ಮುಂಬಡ್ತಿ ಸಮಿತಿಯ ದಿನಾಂಕವನ್ನು ಸೂಚನಾಫಲಕಕ್ಕೂ, ಪ್ರತಿಯೊಬ್ಬ ನೌಕರರ ಫೋನಿಗೂ ಕಳಿಸಿ. ಹೊರಗುತ್ತಿಗೆಯವರನ್ನು ತೆಗೆಯುವ ಮುನ್ನ ಅವರ ಮಾತನ್ನು ದಾಖಲೆಯಲ್ಲಿ ಕೇಳಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಡ, ಅನುದಾನ ಬೇಡ, ಯಾರ ಅನುಮತಿಯೂ ಬೇಡ. ನಾಳೆ ಬೆಳಿಗ್ಗೆ ಸಹಿಗೆ ಬರುವ ಮೊದಲ ಆದೇಶದಿಂದಲೇ ಶುರುಮಾಡಬಹುದು.